ಪತ್ರಿಯನ್ನು ಸೇವಿಸಲಾಯಿತು

ಈ ಬರಹವನ್ನು ಯಾರ ಹೆಸರಿಗೆ ಬರೆಯಬೇಕೆಂಬುದು ನನಗೆ ಸ್ಪಷ್ಟವಾಗಿಲ್ಲ. ಇಪ್ಪತ್ತೆರಡು ವರ್ಷಗಳ ಸೇವೆಯಲ್ಲಿ ನಾನು ಬರೆದ ಪ್ರತಿಯೊಂದು ಕಾಗದದ ತಲೆಯಲ್ಲಿ ಒಬ್ಬ ಮಾನ್ಯರಿದ್ದರು, ಬುಡದಲ್ಲಿ ಒಬ್ಬ ವಿಶ್ವಾಸಿ ಇದ್ದನು. ಈ ಕಾಗದಕ್ಕೆ ಅಂತಹ ಯಾರೂ ಇಲ್ಲ. ಕಥೆ, ಪ್ರಬಂಧ ಇತ್ಯಾದಿಗಳನ್ನು ಬರೆದ ಪೂರ್ವಾನುಭವ ನನಗಿರುವುದಿಲ್ಲ. ಆದುದರಿಂದ ನನಗೆ ತಿಳಿದ ಕ್ರಮದಲ್ಲಿಯೇ, ಅಂದರೆ ನಡೆದದ್ದನ್ನು ನಡೆದ ಅನುಕ್ರಮದಲ್ಲಿ ನಿವೇದಿಸಿಕೊಳ್ಳುತ್ತೇನೆ. ಲೋಪಗಳಿದ್ದಲ್ಲಿ ಓದುಗರು ಮನ್ನಿಸಬೇಕು.

ನಾನು ಪ್ರಸ್ತುತ ಹುನಗುಂದದ ಒಂದು ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕನಾಗಿದ್ದು, ಇಳಕಲ್ಲಿನಲ್ಲಿ ಬಾಡಿಗೆ ಮನೆಯಲ್ಲಿ ವಾಸವಾಗಿರುತ್ತೇನೆ. ಕಳೆದ ಶ್ರಾವಣದಲ್ಲಿ ಹಿತ್ತಲಿನಾಚೆಯ ಮನೆಯವರು ಸೊಳ್ಳೆಗಳ ಕಾಟಕ್ಕಾಗಿ ಕಸಕಡ್ಡಿಗೆ ಬೆಂಕಿ ಹಚ್ಚಿದ್ದರು. ಅರ್ಧ ಒಣಗಿದ, ಅರ್ಧ ಹಸಿಯಾದ ಎಲೆಗಳ ಮೇಲೆ ತುಂತುರು ಮಳೆ ಬಿದ್ದು, ಬೆಂಕಿ ಆರದೆ ಉರಿಯದೆ ಹೊಗೆಯಾಡುತ್ತಿತ್ತು. ಆ ವಾಸನೆಗೆ ನಾನು ಒಗೆದ ಅಂಗಿಯನ್ನು ಹಗ್ಗಕ್ಕೆ ಹಾಕುವುದನ್ನು ಬಿಟ್ಟು ಬಹಳ ಹೊತ್ತು ಅಲ್ಲಿಯೇ ನಿಂತಿದ್ದೆನೆಂದು ನನ್ನ ಹೆಂಡತಿ ಹೇಳುತ್ತಾಳೆ. ನಿಂತದ್ದು ನನಗೆ ಗೊತ್ತಾಗಿರಲಿಲ್ಲ. ಕೆಲವು ವರ್ಷಗಳ ಹಿಂದೆ ಬಾದಾಮಿಯಲ್ಲಿ ಕಳೆದ ಒಂದು ಮಳೆಗಾಲ ನನ್ನ ಮುಂದೆ ಬಂದಿತ್ತು.

ಆ ಮಳೆಗಾಲಕ್ಕೆ ಮುನ್ನ, ಬೇಸಿಗೆಯಲ್ಲಿ, ನನ್ನ ತಂದೆಯವರು ತೀರಿಕೊಂಡರು. ಅವರು ಸಂಸ್ಕೃತದ ಮಾಸ್ತರರಾಗಿದ್ದರು. ಹಳೆಯ ಬಾಗಲಕೋಟೆಯ ಮನೆ ಹಿನ್ನೀರಿಗೆ ಹೋಗಿ ನಾವು ನವನಗರಕ್ಕೆ ಬಂದ ದಿನವೂ ಅವರು ಸಂಧ್ಯಾವಂದನೆಯನ್ನು ತಪ್ಪಿಸಲಿಲ್ಲ. ಇನ್ನೂ ನಲ್ಲಿಯ ಜೋಡಣೆಯಾಗಿರದ ಹೊಸ ಮನೆಯಲ್ಲಿ ಬಕೀಟಿನ ನೀರಿನಿಂದ ಅರ್ಘ್ಯ ಕೊಟ್ಟವರು. ಕೊನೆಯ ವಾರ ದವಾಖಾನೆಯಲ್ಲಿ, ಸಲಾಯಿನ್ ಬಾಟಲಿ ಬದಲಿಸಿ ನರ್ಸ್ ಆಚೆ ಹೋದ ಮೇಲೆ, ನನ್ನನ್ನು ಹತ್ತಿರ ಕರೆದರು.

"ಶ್ರೀಪಾದ, ಜಪಕ್ಕ ಕೂತಾಗ ನಿನಗ ಏನರೆ ಕಂಡದೇನೋ?"

"ಇಲ್ಲಪ್ಪಾ," ಎಂದೆ.

"ನನಗೂ ಇಲ್ಲ," ಎಂದರು. ಸ್ವಲ್ಪ ಹೊತ್ತಿನ ನಂತರ, "ಯಾರ ಮುಂದೂ ಹೇಳಬ್ಯಾಡ," ಎಂದರು.

ಜೂನ್ ತಿಂಗಳಲ್ಲಿ ನನಗೆ ಬಾದಾಮಿಗೆ ವರ್ಗಾವಣೆಯಾಯಿತು. ಹೆಂಡತಿ ವಸುಧಾ ನವನಗರದಲ್ಲಿ ಶಾಲಾ ಶಿಕ್ಷಕಿಯಾದುದರಿಂದ, ಅವಳನ್ನೂ ಮಗಳನ್ನೂ ಅಲ್ಲಿಯೇ ಬಿಟ್ಟು ನಾನು ಒಬ್ಬನೇ ಹೋಗಿ ಒಂದು ಕೋಣೆ ಹಿಡಿದೆನು. ಮೃಗಶಿರಾ ಮಳೆ ಹಿಡಿದಿತ್ತು. ಕೆಂಪು ಬಂಡೆಗಳ ಮೇಲಿನಿಂದ ನೀರು ಗೆರೆಗೆರೆಯಾಗಿ ಇಳಿಯುತ್ತಿತ್ತು. ಕಚೇರಿಯ ಕಿಟಕಿಯಿಂದ ಅದನ್ನು ನೋಡುತ್ತ ನಾನು ಕಡತಗಳಿಗೆ ಪುಟಸಂಖ್ಯೆ ಹಾಕುತ್ತಿದ್ದೆನು. ತಂದೆಯವರ ಮಾತು ನನ್ನನ್ನು ಬಿಟ್ಟಿರಲಿಲ್ಲ. ಅಷ್ಟು ವರ್ಷ ಅಷ್ಟು ಶ್ರದ್ಧೆಯಿಂದ ಅರ್ಜಿ ಹಾಕಿದವರಿಗೆ ಒಂದು ಸ್ವೀಕೃತಿ ಪತ್ರವಾದರೂ ಬರಬಾರದಿತ್ತೇ ಎಂಬ ಆಲೋಚನೆ ಅದು.

ಕಚೇರಿಯಲ್ಲಿ ಕಡತಗಳನ್ನು ಕಟ್ಟಿಡುವ ದಫ್ತರಿ ಹಾಲಪ್ಪನವರು ನನಗಿಂತ ಹದಿನೈದು ವರ್ಷ ಹಿರಿಯರು. ಬೀರಪ್ಪನ ಒಕ್ಕಲಿನವರು, ಅವರ ತಮ್ಮ ಇಂದಿಗೂ ಕುರಿ ಕಾಯುತ್ತಾರೆ. ನಿವೃತ್ತಿಗೆ ಎರಡು ವರ್ಷ ಬಾಕಿ ಇತ್ತು. ಒಂದು ಶನಿವಾರ ಸಂಜೆ ಕಚೇರಿಗೆ ಬೀಗ ಹಾಕುತ್ತ ಕೇಳಿದರು:

"ಸಾಹೇಬ್ರ, ಐತಾರ ದಿನಾ ಕೋಣ್ಯಾಗ ಒಬ್ರ ಕುಂತ ಏನ ಮಾಡ್ತೀರಿ?"

"ಏನಿಲ್ಲ ಹಾಲಪ್ಪ. ಅರಿವಿ ಒಗೀತೇನಿ."

"ಏಳೂ ದಿನದ್ದು ಎರಡ ಅಂಗಿ ನಿಮ್ಮವು. ಅದನ್ನ ಎಷ್ಟ ಒಗೀತೀರಿ? ನಾಳಿ ಗದ್ದಿಗಿಗೆ ಬರ್ರಿ ನನ್ನ ಜೋಡಿ. ಪದಾ ಹಾಡ್ತಾರ, ಊಟ ಇರ್ತೈತಿ."

ಗದ್ದಿಗೆಯು ಕೆರೂರ ರಸ್ತೆಯಿಂದ ಒಳಗೆ, ಹೆಸರಿನ ಹೊಲಗಳನ್ನು ದಾಟಿ, ಒಂದು ಗುಡ್ಡದ ಬುಡದಲ್ಲಿತ್ತು. ಯಾವ ಕಾಲದಲ್ಲೋ ಅಲ್ಲಿ ಐಕ್ಯರಾದ ಒಬ್ಬ ಗುರುವಿನ ಸಮಾಧಿ, ಅದರ ಮೇಲೆ ಬಗ್ಗಿ ಹೋಗಬೇಕಾದಷ್ಟು ತಗ್ಗಾದ ಕಲ್ಲಿನ ಮಾಡು, ಮುಂದೆ ತಗಡಿನ ಚಪ್ಪರ. ಅದನ್ನು ನೋಡಿಕೊಳ್ಳುತ್ತಿದ್ದವರು ಮಾಳಪ್ಪಜ್ಜ. ಪ್ರಾಯದಲ್ಲಿ ಕುರಿ ಕಾಯ್ದವರು, ಅಕ್ಷರ ಕಲಿತವರಲ್ಲ. ಸೋಮವಾರ ಸೇರಬೇಕಾದ ಸತ್ಸಂಗ ರವಿವಾರ ಸೇರುತ್ತಿತ್ತು. ಕಾರಣ ಕೇಳಿದಾಗ ಅಜ್ಜ, "ದೇವ್ರಿಗಿ ಸೋಮಾರ ಸೂಟಿ ಇರ್ತೈತಿ, ನೌಕರದಾರರಿಗಿ ಇರಂಗಿಲ್ಲ," ಎಂದರು.

ನನ್ನ ಉದ್ಯೋಗ ಯಾವುದೆಂದು ವಿಚಾರಿಸಿದರು. ಪತ್ರ ಬರೆಯುವುದು ಎಂದೆ.

"ಹಂಗಾರ ನಮ್ಮಾಂವ ಆದಿ ಬಿಡು. ನಿಂದು ಪತ್ರ, ನಮ್ದು ಪತ್ರಿ," ಎಂದು ಚಿಲುಮೆಗೆ ತುಂಬಲು ಇಟ್ಟಿದ್ದ ಸೊಪ್ಪಿನ ಬಟ್ಟೆಗಂಟನ್ನು ತೋರಿಸಿದರು.

"ಒಂದ ಗುಡಿಸಿನ ಫರಕ್ ನೋಡ್ರಿ ಸಾಹೇಬ್ರ," ಎಂದು ಹಾಲಪ್ಪನವರು ನಕ್ಕರು.

ಲೋಕದಲ್ಲಿ ಬೇರೆ ಹೆಸರಿನಿಂದ ಕರೆಯುವ ಆ ಗಿಡದ ಸೊಪ್ಪನ್ನು ಅಲ್ಲಿ ಯಾರೂ ಆ ಹೆಸರಿನಿಂದ ಕರೆಯುತ್ತಿರಲಿಲ್ಲ. ಶಿವನಿಗೆ ಏರಿಸುವ ಬಿಲ್ವದಂತೆ ಇದೂ ಪತ್ರಿ. ಮೊದಲು ಗದ್ದಿಗೆಗೆ ಇಟ್ಟು, ಅಲ್ಲಿಂದ ಇಳಿಸಿ, ಚಿಲುಮೆಗೆ ತುಂಬಿ, ಒದ್ದೆ ಬಟ್ಟೆ ಸುತ್ತಿ ಒಬ್ಬರಿಂದೊಬ್ಬರಿಗೆ ದಾಟಿಸುತ್ತಿದ್ದರು. ಅದು ಕಾನೂನಿಗೆ ವಿರುದ್ಧವೆಂಬುದು ನನಗೆ ಮೊದಲ ದಿನವೇ ತಿಳಿದಿತ್ತು. ತಿಳಿಯದೆ ಮಾಡಿದೆನೆಂದು ಇಲ್ಲಿ ಹೇಳಿಕೊಳ್ಳುವುದಿಲ್ಲ.

ಮೊದಲ ರವಿವಾರ ಕೆಮ್ಮು ಬಿಟ್ಟರೆ ಬೇರೇನೂ ಆಗಲಿಲ್ಲ. ಚಪ್ಪರದ ಮೂಲೆಯಲ್ಲಿ ಏಕತಾರಿ ಹಿಡಿದು ಕುಳಿತ ಯಲ್ಲವ್ವ ಎಂಬ ಹಾಡುಗಾರ್ತಿ ಪದವನ್ನು ನಡುವೆಯೇ ನಿಲ್ಲಿಸಿ, "ಕುಲಕರ್ಣ್ಯಾರ ಕೆಮ್ಮಿಗಿ ನನ್ನ ತಾಳ ತಪ್ಪತೈತಿ, ಮೊದ್ಲ ಅವರಿಗಿ ನೀರ ಕೊಡ್ರಿ," ಎಂದಳು. ಎಲ್ಲರೂ ನಕ್ಕರು. ನಾನು ಆ ದಿನ ಗೋಧಿ ಹುಗ್ಗಿ ಉಂಡು ಕೋಣೆಗೆ ಮರಳಿದೆನು.

ಎರಡನೆಯ ರವಿವಾರ ಆರಿದ್ರಾ ಮಳೆ. ಚಪ್ಪರದ ತಗಡಿನ ಮೇಲೆ ಹನಿಗಳು ಬೀಳುತ್ತಿದ್ದವು. ಎರಡು ದಮ್ಮು ಎಳೆದು ಅರ್ಧ ತಾಸಾಗಿರಬಹುದು. ಆ ಸದ್ದು ಒಂದೇ ಸದ್ದಾಗಿ ಕೇಳುವುದನ್ನು ನಿಲ್ಲಿಸಿತು. ಪ್ರತಿ ಹನಿಯೂ ಬೇರೆ ಬೇರೆಯಾಗಿ, ತನ್ನದೇ ಸರದಿಯಲ್ಲಿ, ಯಾವ ಅವಸರವೂ ಇಲ್ಲದೆ ಬೀಳತೊಡಗಿತು. ಯಲ್ಲವ್ವನ ಪದ ಆ ಹನಿಗಳ ನಡುವಿನಿಂದ ಬರುತ್ತಿತ್ತು. ಯಾವುದೋ ಒಂದು ಗಳಿಗೆಯಲ್ಲಿ ಮಳೆ ಇತ್ತು, ಪದ ಇತ್ತು, ಒದ್ದೆ ಕುರಿಯ ಉಣ್ಣೆಯ ವಾಸನೆ ಇತ್ತು. ಇವುಗಳನ್ನು ಕೇಳುವ, ಮೂಸುವ ಶ್ರೀಪಾದ ಕುಲಕರ್ಣಿ ಎಂಬ ವ್ಯಕ್ತಿ ಇರಲಿಲ್ಲ. ಅವನನ್ನು ಹುಡುಕಬೇಕೆಂದೂ ಅನ್ನಿಸಲಿಲ್ಲ. ತಂದೆಯವರು ಹೇಳಿದ "ನನಗೂ ಇಲ್ಲ" ಎಂಬ ಮಾತು ನೆನಪಾಯಿತು. ಮೊದಲ ಸಲ ಅದು ದುಃಖದ ಮಾತಾಗಿ ಕೇಳಲಿಲ್ಲ. ಕಾಣುವುದಕ್ಕೆ ಒಬ್ಬನು ಇರಬೇಕಲ್ಲ, ಇಲ್ಲದಿದ್ದಾಗ ಇಲ್ಲ ಎಂದೇ ಹೇಳಬೇಕಲ್ಲ ಎಂದು ಅರ್ಥವಾದಂತಾಯಿತು. ಕಣ್ಣಿನಿಂದ ನೀರು ಹರಿದು ಅಂಗಿಯ ಕಾಲರು ತೊಯ್ದಿದ್ದನ್ನು ಬಹಳ ಹೊತ್ತಿನ ಮೇಲೆ ಗಮನಿಸಿದೆನು.

ಆ ಅನುಭವ ಸತ್ಯವಾದುದೋ, ಸೊಪ್ಪಿನ ಅಮಲೋ ಎಂಬ ಬಗ್ಗೆ ದೃಢೀಕರಿಸುವ ಅರ್ಹತೆ ನನಗಿಲ್ಲ. ಅದು ಸುಳ್ಳಾಗಿತ್ತೆಂದು ಬರೆದುಕೊಡಲು ಯಾರಾದರೂ ಕೇಳಿದರೆ ಇಂದಿಗೂ ಬರೆದುಕೊಡಲಾರೆನು.

ಮರುದಿನ ಕಚೇರಿಯಲ್ಲಿ ನನಗೆ ಒಂದು ಭಯ ಹತ್ತಿತು: ಇದು ಮರೆತುಹೋಗಬಹುದು. ಕಚೇರಿಯ ಮನುಷ್ಯನಿಗೆ ದಾಖಲಾಗದ ಸಂಗತಿಯು ನಡೆದ ಸಂಗತಿಯಲ್ಲ. ಅದೇ ಸಂಜೆ ಪೇಟೆಯಿಂದ ರಟ್ಟು ಕಟ್ಟಿದ ಒಂದು ಉದ್ದ ಪುಸ್ತಕ ತಂದು, ಸ್ಕೇಲು ಹಿಡಿದು ಗೆರೆ ಹೊಡೆದೆನು. ದಿನಾಂಕ, ಹಾಜರಿದ್ದವರು, ಪತ್ರಿಯ ಪ್ರಮಾಣ, ಅವಧಿ, ಕಂಡುಬಂದ ಅಂಶಗಳು. ಸಭೆಯ ನಡಾವಳಿ ಬರೆದಂತೆ ಪ್ರತಿ ರವಿವಾರದ ನಡಾವಳಿಯನ್ನು ಬರೆಯತೊಡಗಿದೆನು. ಬೇರೆ ರೀತಿಯಲ್ಲಿ ಬರೆಯಲು ನನಗೆ ಬರುತ್ತಿರಲಿಲ್ಲ.

"ಸದರಿ ದಿನ ಮಧ್ಯಾಹ್ನ ಎರಡು ಗಂಟೆಗೆ ಪತ್ರಿಯನ್ನು ಸೇವಿಸಲಾಯಿತು. 'ನಾನು' ಎಂಬ ಭಾವವು ಸುಮಾರು ಒಂದು ತಾಸಿನವರೆಗೆ ಇಲ್ಲದಿರುವುದು ಕಂಡುಬಂದಿರುತ್ತದೆ."

ಉಳಿದವರಿಗೂ ಏನು ಕಂಡಿತೆಂದು ವಿಚಾರಿಸಿ ಬರೆದುಕೊಳ್ಳುತ್ತಿದ್ದೆನು. ಅವರು ಇದನ್ನು ಒಂದು ಆಟದಂತೆ ಭಾವಿಸಿದರು.

"ಯಲ್ಲವ್ವ, ನಿನಗ ಏನ ಕಂಡ್ತು?"

"ನಮ್ಮವ್ವ ಬೀಸಾಕತ್ತಿದ್ಲು. ಬರಿ ಬೀಸೂದ. ಹಿಟ್ಟ ಬೀಳವಲ್ದು. ನನಗರ ನಗಿ ತಡೀವಲ್ದು."

"ಹಾಲಪ್ಪ, ನಿಮಗ?"

"ಹಸಿವ್ಯಾತ್ರಿ."

"ಮತ್ತ?"

"ಮತ್ತೂ ಹಸಿವ್ಯಾತ್ರಿ. ಬರಕೋರಿ, ಖರೇನ ಹೇಳಾಕತ್ತೇನಿ."

ಅಜ್ಜನವರ ಹೆಸರಿನ ಮುಂದೆ ಪ್ರಮಾಣದ ಕಾಲಮ್ಮು ಯಾವಾಗಲೂ ಖಾಲಿ. ಅವರು ದಾಟಿಸುತ್ತಿದ್ದರೇ ಹೊರತು ಎಳೆಯುತ್ತಿರಲಿಲ್ಲ. ಕಾರಣ ಕೇಳಿದೆ.

"ಬಿಟ್ಟು ಭಾಳ ವರ್ಷಾತು. ಕೆರೂರ ಬಂತಂದ್ರ ಬಸ್ಸ ಇಳೀಬೇಕೋ ಬರ್ಯಾವ. ಸೀಟ ಮೆತ್ತಗೈತಿ ಅಂತ ಕುಂತ ಬಿಟ್ರ, ಅದ ಬಸ್ಸು ತಿರಗಿ ಬಾದಾಮಿಗಿ ತಂದ ಒಗೀತೈತಿ."

"ನಾ ಕೆರೂರ ಮುಟ್ಟೇನೇನ್ ಅಜ್ಜಾ?"

"ನೀ ಇನ್ನೂ ಬಸ್ಸಿನ ಬೋರ್ಡ ಬರಕೋತ ನಿಂತಿ," ಎಂದರು.

ಪ್ರತಿ ಸಲ ಬರೆದು ಮುಗಿಸಿದ ಮೇಲೆ ಪುಸ್ತಕವನ್ನು ನಾನು ಕೋಣೆಗೆ ಒಯ್ಯಲು ಅಜ್ಜ ಬಿಡಲಿಲ್ಲ. ಅಕ್ಷರ ಬರೆದದ್ದು ಮನೆ ಮನೆ ತಿರುಗಬಾರದು ಎಂದು ಅರಿಷಿಣದ ಭಂಡಾರ ಹಚ್ಚಿ ಗದ್ದಿಗೆಯ ಮೇಲೆಯೇ ಇಟ್ಟರು. ಪ್ರತಿ ರವಿವಾರ ಅದಕ್ಕೂ ಹೂವು, ಅದಕ್ಕೂ ಊದುಬತ್ತಿ.

ಗಣೇಶ ಚತುರ್ಥಿಗೆ ನವನಗರಕ್ಕೆ ಹೋದಾಗ ವಸುಧಾಳಿಗೆ ಎಲ್ಲವನ್ನೂ ಹೇಳಿದೆನು. ಅವಳು ಮೋದಕಕ್ಕೆ ಕಣಕ ನಾದುತ್ತಿದ್ದಳು. ಪೂರ್ತಿ ಕೇಳಿದಳು.

"ನಾನು ಅನ್ನೂದು ಇಲ್ಲ ಅಂತ ತಿಳೀಲಿಕ್ಕೆ ಅಷ್ಟ ದೂರ ಹೋಗಬೇಕಾತೇನ್ರಿ? ಈ ಮನ್ಯಾಗ ನೀವು ಯಾವತ್ತ ಇದ್ರಿ? ಸಾಲಿ ಫೀ ಯಾರ ತುಂಬ್ಯಾರ? 'ತುಂಬಲಾಗಿದೆ.' ಮಗಳಿಗೆ ಯಾರ ಬೈದ್ರು? 'ಬೈಯಲಾಗಿದೆ.' ನನಗ ಆ ಸೊಪ್ಪ ಬ್ಯಾಡ, ಇಪ್ಪತ್ತ ವರ್ಷದಿಂದ ನೋಡಲಿಕ್ಹತ್ತೇನಿ."

ನಾನು ನಕ್ಕೆನು. ಅವಳು ನಗಲಿಲ್ಲ. "ನೌಕರಿ ಹೋದೀತು," ಎಂದಳು. "ಹೋದರ ಮಾತ್ರ 'ಕಳಕೊಳ್ಳಲಾಯಿತು' ಅನಬ್ಯಾಡ್ರಿ."

ಮುಂದಿನ ಒಂದು ರವಿವಾರ ನಾನು ಮಿತಿ ಮೀರಿದೆನು. ಮೊದಲಿನ ಗಳಿಗೆ ಮರಳಿ ಬರುತ್ತಿರಲಿಲ್ಲ. ಬರಿಸಬೇಕೆಂದು ಐದಾರು ದಮ್ಮು ಎಳೆದೆನು. ಆ ದಿನ ಸುಮಾರು ಒಂದು ತಾಸು ನನ್ನ ಮಗಳ ಹೆಸರು ನನಗೆ ನೆನಪಾಗಲಿಲ್ಲ. ಮುಖ ಕಾಣುತ್ತಿತ್ತು, ಹೆಸರು ಬರುತ್ತಿರಲಿಲ್ಲ. ಯಲ್ಲವ್ವನ ಸೆರಗು ಹಿಡಿದುಕೊಂಡು ಕುಳಿತಿದ್ದೆನಂತೆ. ಅಜ್ಜ ತಲೆಯ ಮೇಲೆ ನೀರು ಸುರಿದು, "ಸಾಕು, ಇನ್ನ ಇಂವಗ ಕೊಡಬ್ಯಾಡ್ರಿ," ಎಂದರು. ನಾನು ಪುಸ್ತಕದಲ್ಲಿ ಬರೆದದ್ದು: "ಸ್ವಲ್ಪ ಅಸೌಖ್ಯ ಕಂಡುಬಂದಿರುತ್ತದೆ."

ಆ ನಂತರ ನಾನು ಪದ ಕೇಳಲು ಮತ್ತು ನಡಾವಳಿ ಬರೆಯಲು ಮಾತ್ರ ಹೋಗುತ್ತಿದ್ದೆನು. ಹೊಲಗಳಲ್ಲಿ ಹೆಸರುಕಾಳು ಕಟಾವಾಗಿ, ಸಜ್ಜೆಯ ತೆನೆ ಬಲಿತು, ಮಹಾನವಮಿ ಮುಗಿಯಿತು.

ದಸರೆಯ ರಜೆ ಕಳೆದ ವಾರದ ಒಂದು ಮುಂಜಾನೆ, ಹನ್ನೊಂದು ಗಂಟೆಯ ಸುಮಾರಿಗೆ, ಅಬಕಾರಿ ಇಲಾಖೆಯ ಒಬ್ಬ ಅಧಿಕಾರಿಗಳು ಇಬ್ಬರು ಸಿಬ್ಬಂದಿಯೊಂದಿಗೆ ನಮ್ಮ ಕಚೇರಿಗೆ ಬಂದು ಅಧೀಕ್ಷಕರ ಕೋಣೆಯಲ್ಲಿ ಕುಳಿತರು. ಒಂದು ಸ್ಥಳದ ತಪಾಸಣೆಗೆ ಹೋಗಲಿಕ್ಕಿದೆ, ಪಂಚರಾಗಿ, ಅಂದರೆ ಕಣ್ಣಾರೆ ಕಂಡ ಸಾಕ್ಷಿಗಳಾಗಿ, ಸರಕಾರಿ ನೌಕರರು ಬೇಕು ಎಂಬುದು ಅವರ ಕೋರಿಕೆ. ಪಕ್ಕದ ಕಚೇರಿಯ ಒಬ್ಬರು ಆಗಲೇ ಸಿಕ್ಕಿದ್ದರು. ನಮ್ಮ ಅಧೀಕ್ಷಕಿಯವರು ನನ್ನನ್ನು ಕರೆಸಿ, "ಕುಲಕರ್ಣಿಯವರ ಅಕ್ಷರ ಮುತ್ತಿನಂಥಾವು. ಪಂಚನಾಮಾನೂ ಅವರ ಕಡೆನ ಬರೆಸ್ಕೋರಿ," ಎಂದರು. ಸ್ಥಳ ಯಾವುದೆಂದು ಕೇಳಿದೆನು. ಕೆರೂರ ರಸ್ತೆಯ ಗದ್ದಿಗೆ ಎಂದರು.

ನಾನು ಹೊರಗೆ ಬಂದು ಪೆನ್ನು, ಹಾಳೆ ತೆಗೆದುಕೊಳ್ಳುತ್ತಿದ್ದಾಗ ಹಾಲಪ್ಪನವರು ನೀರಿನ ಗ್ಲಾಸು ಹಿಡಿದು ಬಂದರು.

"ಸಾಹೇಬ್ರ, ಪುಸ್ತಕ."

ನನಗೆ ಆವರೆಗೆ ಅದು ಹೊಳೆದೇ ಇರಲಿಲ್ಲ.

"ಅದ್ರಾಗ ನನ್ನ ಹೆಸರೈತಿ. ಯಲ್ಲವ್ವಂದೈತಿ. ಅಜ್ಜಂದೈತಿ. ಪ್ರತಿ ಐತಾರದ್ದೂ ಐತಿ." ಅವರು ಕಣ್ಣು ಮೇಲೆತ್ತಿದರು. "ನಿಮ್ದು?"

"ಇಲ್ಲ," ಎಂದೆ.

"ಯಾಕಿಲ್ರಿ?"

ಉತ್ತರ ಕೊಡುವಷ್ಟರಲ್ಲಿ ಜೀಪಿನ ಹಾರ್ನ್ ಕೇಳಿತು. ಆದರೆ ಉತ್ತರ ನನಗೆ ತಿಳಿದಿತ್ತು. ಹದಿನೈದು ರವಿವಾರಗಳ ನಡಾವಳಿಯಲ್ಲಿ ಹಾಜರಿದ್ದ ಪ್ರತಿಯೊಬ್ಬರ ಹೆಸರನ್ನು ತಂದೆಯ ಹೆಸರಿನೊಂದಿಗೆ ಬರೆದವನು ನಾನು. ನನ್ನ ಹೆಸರನ್ನು ಒಂದು ಸಲವೂ ಬರೆದಿರಲಿಲ್ಲ. "ಸೇವಿಸಲಾಯಿತು", "ಕಂಡುಬಂದಿರುತ್ತದೆ". ನಾನು ಎಂಬುದು ಇಲ್ಲವಾಯಿತೆಂದು ಯಾವ ವಾಕ್ಯದಲ್ಲಿ ಸಂತೋಷದಿಂದ ದಾಖಲಿಸಿದ್ದೆನೋ, ಅದೇ ವಾಕ್ಯದಲ್ಲಿ ನೌಕರಿಯ ಭಯದಿಂದ ನಾನು ತಲೆ ತಪ್ಪಿಸಿಕೊಂಡಿದ್ದೆನು. ಎರಡೂ ಇಲ್ಲದಿರುವಿಕೆಗಳು ಕಾಗದದ ಮೇಲೆ ಒಂದೇ ತರಹ ಕಾಣುತ್ತವೆ.

ಜೀಪಿನಲ್ಲಿ ಅಧಿಕಾರಿಗಳು ಸಹಜವಾಗಿ ಮಾತನಾಡುತ್ತಿದ್ದರು. "ಮುದುಕ ತನ್ನ ಸಲುವಾಗಿ ಒಂದ ಚೂರು ಇಟ್ಟುಕೊಂಡಿದ್ರ ಅದು ಸಣ್ಣ ಮಾತು. ಮಂದಿಗೆ ಕೊಡ್ತಾನ ಅಂತ ಸಾಬೀತಾದರ ಮಾತ್ರ ಭಾರಿ ಆಗ್ತದ," ಎಂದರು. ಪಕ್ಕದ ಕಚೇರಿಯ ಸಹಾಯಕರು ತಲೆಯಾಡಿಸಿದರು. ನಾನೂ ಆಡಿಸಿದೆನು.

ಅಜ್ಜ ಚಪ್ಪರದ ಕೆಳಗೆ ಕಂಬಳಿಯ ನೂಲು ಬಿಡಿಸುತ್ತಿದ್ದರು. ನನ್ನನ್ನು ನೋಡಿದರು, ಹೊಸಬರನ್ನು ನೋಡುವಂತೆ ನೋಡಿದರು. "ಬರ್ರಿ, ಕುಂದರ್ರಿ. ಮಜ್ಜಿಗಿ ಕುಡೀತೀರೇನು?" ಎಂದು ಎಲ್ಲರನ್ನೂ ಒಟ್ಟಿಗೆ ಕೇಳಿದರು.

ಅಧಿಕಾರಿಗಳು ವಿಷಯ ತಿಳಿಸಿದಾಗ ಅಜ್ಜ ಏನನ್ನೂ ಮುಚ್ಚಿಡಲಿಲ್ಲ. "ಪತ್ರಿ ಐತ್ರಿ. ಗದ್ದಿಗಿಗೆ ಏರಸ್ತೇವಿ," ಎಂದು ತಾವೇ ಬಟ್ಟೆಗಂಟನ್ನು ತಂದು ಕೊಟ್ಟರು. ಚೆಂಡುಹೂವಿನ ಸಾಲಿನ ಹಿಂದೆ ಎರಡು ಗಿಡಗಳು ಸಿಕ್ಕವು. ಅಧಿಕಾರಿಗಳು ಹೇಳುತ್ತ ಹೋದರು, ನಾನು ಬರೆಯುತ್ತ ಹೋದೆನು. ಅಷ್ಟರಲ್ಲಿ ಸಿಬ್ಬಂದಿಯೊಬ್ಬರು ಒಳಗಿನಿಂದ, ಭಂಡಾರದಿಂದ ಹಳದಿಯಾದ ಆ ಪುಸ್ತಕವನ್ನು ತಂದರು.

ಅಧಿಕಾರಿಗಳು ಪುಟ ತಿರುವಿ ಓದಿ ಜೋರಾಗಿ ನಕ್ಕರು. "ಕೇಳ್ರಿಲ್ಲೆ! 'ಸದರಿ ದಿನ ಶ್ರೀ ಹಾಲಪ್ಪನವರಿಗೆ ಹಸಿವು ಕಂಡುಬಂದಿರುತ್ತದೆ.' ಇದು ಯಾವನೋ ಸರಕಾರಿ ನೌಕರನ ಕೆಲಸರೀ. ಮಂದಿ ಕೂಡಿಸಿ, ಹಾಜರಿ ಹಚ್ಚಿ, ಎಷ್ಟೆಷ್ಟ ಕೊಟ್ರು ಅಂತ ಸೈತ ಬರದಾನ." ನಂತರ ನಗು ನಿಲ್ಲಿಸಿ ಅಜ್ಜನ ಕಡೆ ತಿರುಗಿದರು. "ಯಾರ ಬರದಾರ ಇದನ್ನ?"

"ನಾನ ಬರದೇನ್ರಿ," ಎಂದರು ಅಜ್ಜ.

"ನಿನಗ ಬರೀಲಿಕ್ಕೆ ಬರ್ತದೇನು?"

"ಬರ್ತೈತ್ರಿ."

ಅಧಿಕಾರಿಗಳು ತಮ್ಮ ಕಿಸೆಯ ಪೆನ್ನು ಮತ್ತು ಒಂದು ಖಾಲಿ ಹಾಳೆ ಕೊಟ್ಟರು. ಅಜ್ಜ ಪೆನ್ನನ್ನು ಕುರಿಯ ಉಣ್ಣೆ ಕತ್ತರಿಸುವ ಕತ್ತರಿ ಹಿಡಿದಂತೆ ಮುಷ್ಟಿಯಲ್ಲಿ ಹಿಡಿದು, ಹಾಳೆಯ ಮೇಲೆ ಅಡ್ಡಲಾಗಿ ಮೂರು ಗೆರೆ ಎಳೆದು ಕೊಟ್ಟರು. "ಇದ ನನ್ನ ಅಕ್ಷರ."

"ಅಜ್ಜಾ, ನಿನ್ನ ವಯಸ್ಸಿಗೆ ಮರ್ಯಾದಿ ಕೊಟ್ಟು ಕೇಳಲಿಕ್ಹತ್ತೇನಿ. ಬರದಾಂವನ ಹೆಸರ ಹೇಳು. ಇಲ್ಲಂದ್ರ ಈ ಇಡೀ ಪುಸ್ತಕ ನಿನ್ನ ತಲಿ ಮ್ಯಾಲ ಬೀಳ್ತದ."

"ಬೀಳಲಿ ಬಿಡ್ರಿ. ಕಾಗದ ಎಷ್ಟ ಭಾರ ಇರ್ತೈತಿ?"

ಅವರು ಪುಸ್ತಕವನ್ನು ತೆರೆದಂತೆಯೇ ನನ್ನ ಮುಂದೆ ಇಟ್ಟು, ಪಂಚನಾಮೆಯಲ್ಲಿ ಅದರ ವಿವರ ಸೇರಿಸಲು ಹೇಳಿದರು. ನಾನು ಬರೆಯತೊಡಗಿದೆನು. ಎರಡು ಸಾಲು ಆಗುವಷ್ಟರಲ್ಲಿ ಒಂದು ಸಂಗತಿ ನನ್ನ ಗಮನಕ್ಕೆ ಬಂತು. ನನ್ನ ಕೈ ಬೇರೆ ತರಹ ಬರೆಯುತ್ತಿತ್ತು. ತಲೆಕಟ್ಟುಗಳು ವಾರೆಯಾಗಿದ್ದವು, ಒತ್ತಕ್ಷರಗಳು ಸಾಲಿನಿಂದ ಕೆಳಗೆ ಜೋತಿದ್ದವು. ಪಕ್ಕದಲ್ಲಿದ್ದ ಪುಸ್ತಕದ ಅಕ್ಷರಗಳೊಂದಿಗೆ ಹೋಲಿಕೆಯಾಗದಿರಲಿ ಎಂದು, ನನ್ನನ್ನು ಕೇಳದೆಯೇ, ಕೈ ತನ್ನ ಅಕ್ಷರವನ್ನು ಕೆಡಿಸಿಕೊಳ್ಳುತ್ತಿತ್ತು.

"ಇದೇನ್ರಿ ಕುಲಕರ್ಣಿಯವರ? ಮುತ್ತಿನಂಥಾ ಅಕ್ಷರ ಅಂದ್ರು ನಿಮ್ಮ ಮೇಡಂ. ಇದು ಕೋಳಿ ಕೆದರಿದಂಗ ಅದ."

ನಾನು ಪೆನ್ನನ್ನು ಕೆಳಗಿಟ್ಟೆನು. ಅಜ್ಜ ನನ್ನ ಕಡೆ ನೋಡದೆ, ಸುಮ್ಮನಿರು ಎನ್ನುವಂತೆ ನೂಲಿನ ಉಂಡೆಯನ್ನು ತೊಡೆಯ ಮೇಲೆ ಮೆಲ್ಲಗೆ ತಟ್ಟುತ್ತಿದ್ದರು.

"ಆ ಪುಸ್ತಕ ನಾನು ಬರದೇನ್ರಿ," ಎಂದೆ.

ಅಧಿಕಾರಿಗಳಿಗೆ ಮೊದಲು ತಿಳಿಯಲಿಲ್ಲ. "ಪಂಚನಾಮಾ ನೀವು ಬರೀಲಿಕ್ಹತ್ತೀರಿ. ಪುಸ್ತಕ ಯಾರದು ಅಂತ ಕೇಳಲಿಕ್ಹತ್ತೇನಿ."

"ಅದೂ ನಂದರೀ. ನಾನೂ ಎಳದೇನಿ. ಮೊದಲಿನ ಪುಟದಿಂದ ಇದ್ದೇನಿ. ನನ್ನ ಹೆಸರ ಬರೀಲಿಲ್ಲ ಅಷ್ಟ."

ನಾನು ಪುಸ್ತಕವನ್ನು ಎಳೆದುಕೊಂಡು ಮೊದಲ ಪುಟ ತೆರೆದು, "ಹಾಜರಿದ್ದವರು" ಎಂಬ ಕಾಲಮ್ಮಿಗೆ ಪೆನ್ನು ತಂದಿದ್ದೆನು. ಅಧಿಕಾರಿಗಳು ಚಂಗನೆ ಎದ್ದು ಪುಸ್ತಕ ಕಸಿದುಕೊಂಡರು. "ಏ ಏ! ಈಗ ಅದರಾಗ ಏನೂ ಬರೀಬ್ಯಾಡ್ರಿ ಮಾರಾಯ್ರ! ಜಪ್ತಿ ಆಗೇದ ಅದು!"

ಅಜ್ಜ ಆಗ ನಕ್ಕರು. ಹಲ್ಲಿಲ್ಲದ ಬಾಯಿಯ ತುಂಬ ನಕ್ಕರು.

"ಇಡೀ ಮಳಿಗಾಲ ಹೊಗಿ ಎಳದಿ, ನಾನು ಇಲ್ಲ, ನಾನು ಇಲ್ಲ ಅಂತ ಬರದಿ. ಇವತ್ತ ಒಂದ ದಮ್ಮೂ ಎಳೀಲಿಲ್ಲ, ನಾನು ಅಂದಿ ನೋಡು." ನಂತರ ನಗು ಇಳಿದು, ಬೇಸರದ ದನಿಯಲ್ಲಿ, "ಖರೆ, ಹುಚ್ಚ ಅದಿ. ಹೆಂಡರು ಮಕ್ಳು ಅದಾರ. ನಾ ಒಬ್ಬ ಹೋಗಿ ಕುಂತ ಬರ್ತಿದ್ನಿ," ಎಂದರು.

ನಾನು ಪಂಚನಾಗಿರಲು ಅನರ್ಹನಾದುದರಿಂದ ಬೇರೆಯವರನ್ನು ಕರೆಸಲು ಎರಡು ತಾಸು ಹಿಡಿಯಿತು. ಅಷ್ಟು ಹೊತ್ತು ಎಲ್ಲರೂ ಚಪ್ಪರದ ಕೆಳಗೆ ಕುಳಿತು ಅಜ್ಜ ಕೊಟ್ಟ ಮಜ್ಜಿಗೆ ಕುಡಿದೆವು. ನನ್ನ ಹೇಳಿಕೆಯಲ್ಲಿ, ಅಜ್ಜ ಸೇವಿಸುತ್ತಿರಲಿಲ್ಲವೆಂದೂ, ದಾಟಿಸುತ್ತಿದ್ದರೆಂದೂ, ನನಗೆ ಇನ್ನು ಕೊಡಬೇಡಿರೆಂದು ತಡೆದವರೂ ಅವರೇ ಎಂದೂ, ಕಂಡದ್ದನ್ನು ಕಂಡಂತೆ ಹೇಳಿದೆನು. ಅದರಿಂದ ಅವರಿಗೆ ಒಳಿತಾಯಿತೋ ಕೆಡುಕಾಯಿತೋ ತಿಳಿಯದು. 'ದಾಟಿಸುತ್ತಿದ್ದರು' ಎಂಬ ಪದ ನನ್ನ ಬಾಯಿಯಿಂದ ಬರುವಾಗ ಜೀಪಿನಲ್ಲಿ ಅಧಿಕಾರಿಗಳು ಆಡಿದ ಮಾತು ನೆನಪಿನಲ್ಲಿತ್ತು. ಅಜ್ಜ ಕೆಲವು ದಿನ ಒಳಗಿದ್ದು ಜಾಮೀನಿನ ಮೇಲೆ ಬಂದರು. ಪ್ರಕರಣದ ತಾರೀಖುಗಳು ಇಂದಿಗೂ ಬೀಳುತ್ತಿವೆ. ಯಲ್ಲವ್ವನಿಗೆ ಎಚ್ಚರಿಕೆ ಕೊಟ್ಟು ಬಿಟ್ಟರು. ಹಾಲಪ್ಪನವರು ವಿಚಾರಣೆ ಎದುರಿಸಿ, ಛೀಮಾರಿಗೆ ಒಳಗಾಗಿ, ಕೊನೆಗೆ ಸರಿಯಾದ ದಿನಕ್ಕೆ ನಿವೃತ್ತರಾದರು. ಅವರು ನನ್ನೊಂದಿಗೆ ಮಾತನಾಡುವುದಿಲ್ಲ. ಆ ಬಗ್ಗೆ ನನ್ನ ಆಕ್ಷೇಪಣೆ ಇರುವುದಿಲ್ಲ.

ನನ್ನನ್ನು ಅಮಾನತಿನಲ್ಲಿಟ್ಟು, ಆಪಾದನೆಗಳ ಪಟ್ಟಿ ಕೊಟ್ಟು, ವಿವರಣೆ ಕೇಳಲಾಯಿತು. ಮರಳಿ ಕೆಲಸಕ್ಕೆ ತೆಗೆದುಕೊಂಡು ಹುನಗುಂದಕ್ಕೆ ಹಾಕಿದ್ದು ಬಹಳ ದಿನಗಳ ನಂತರದ ಸಂಗತಿ. ನವನಗರದ ಮನೆಯಲ್ಲಿ ಕುಳಿತು ನಾನು ಬರೆದ ವಿವರಣೆ ನಾಲ್ಕು ಸಾಲಿನದು. "ಪತ್ರಿ ಎಂದು ಕರೆಯುವ ಗಾಂಜಾವನ್ನು ನಾನು ಸೇವಿಸಿದೆನು. ನಡಾವಳಿಯನ್ನು ನಾನು ಬರೆದೆನು. ಇತರರ ಹೆಸರುಗಳನ್ನು ನಾನು ದಾಖಲಿಸಿದೆನು. ನನ್ನ ಹೆಸರನ್ನು ನಾನೇ ಕೈಬಿಟ್ಟೆನು."

ಅದನ್ನು ಸಲ್ಲಿಸಲು ಬಾದಾಮಿಯ ಕಚೇರಿಗೆ ಹೋದಾಗ ಅಧೀಕ್ಷಕಿಯವರು ಬಾಗಿಲು ಮುಚ್ಚಿ, ಕಾಗದವನ್ನು ಎರಡು ಸಲ ಓದಿದರು. ಒಳ್ಳೆಯ ಮನಸ್ಸಿನವರು. ಪೆನ್ಸಿಲ್ ತೆಗೆದುಕೊಂಡು ನಾಲ್ಕೂ ಸಾಲುಗಳ 'ನಾನು' ಎಂಬುದಕ್ಕೆ ಸುತ್ತು ಹಾಕಿದರು.

"ಇಷ್ಟು ವರ್ಷ ಸರ್ವಿಸ್ ಮಾಡೀರಿ, ನಿಮಗ ನಾ ಹೇಳಿಕೊಡಬೇಕೇನ್ರಿ? 'ಸೇವಿಸಲಾಗಿರುತ್ತದೆ', 'ಬರೆಯಲಾಗಿರುತ್ತದೆ' ಅಂತ ತಿದ್ದಿ ಕೊಡ್ರಿ. ಯಾರು ಅನ್ನೂದು ಹಗುರ ಆಗ್ತದ. ಮ್ಯಾಲಿನವರಿಗೂ ಕೈಬಿಡಲಿಕ್ಕೆ ದಾರಿ ಇರ್ತದ."

ಅವರು ರಬ್ಬರು ಮತ್ತು ಹೊಸ ಹಾಳೆಯನ್ನು ನನ್ನ ಕಡೆ ಸರಿಸಿದರು. ನಾನು ರಬ್ಬರಿನಿಂದ ಪೆನ್ಸಿಲ್ಲಿನ ಸುತ್ತುಗಳನ್ನು ಅಳಿಸಿದೆನು. ಹೊಸ ಹಾಳೆಯನ್ನು ಹಿಂದಕ್ಕೆ ಸರಿಸಿ, ನಾಲ್ಕು ಸಾಲಿನ ಕೆಳಗೆ ಪೂರ್ಣ ಹೆಸರಿನಲ್ಲಿ ಸಹಿ ಮಾಡಿ, ಸ್ವೀಕೃತಿಯ ಮುದ್ರೆ ಒತ್ತಿಸಿಕೊಂಡು ಬಂದೆನು.